ಇಬ್ಬನಿಯ ಲೆಕ್ಕ

ಕಳೆದ ಡಿಸೆಂಬರಿನ ಒಂದು ರಾತ್ರಿ ಊರಿನಿಂದ ಅಣ್ಣನ ಫೋನು ಬಂದಿತು. ಅಡಿಕೆ ಕೊಯ್ಲಿನ ಕಾಲದಲ್ಲಿ ಅವನು ಫೋನು ಮಾಡುವುದು ಅಪರೂಪ. ಹಗಲೆಲ್ಲ ಕೊನೆಗಾರರ ಹಿಂದೆ ತೋಟದಲ್ಲಿ, ರಾತ್ರಿ ಸುಲಿಯುವವರ ನಡುವೆ ಅಂಗಳದಲ್ಲಿ ಕಳೆಯುವ ದಿನಗಳು ಅವು. ಕ್ಷೇಮ ಸಮಾಚಾರ ಮುಗಿಯುವ ಮೊದಲೇ ಅವನು ವಿಷಯಕ್ಕೆ ಬಂದ. "ತಮಾ, ಕೂಸಿಗೆ ಬ್ಯಾಂಕಿನ ಕೆಲಸ ಸಿಕ್ಕಿದೆ. ಜನವರಿ ಮುಗಿಯುವುದರೊಳಗೆ ಸೇರಬೇಕಂತೆ. ಅವಳು ಬೇಡ ಅಂತಾಳೆ. ಅಲ್ಲಿ ಅವಳು ಮಾಡ್ತಾ ಇರೋದು ಎಂಥದ್ದು, ಅದರಲ್ಲಿ ಹುರುಳೇನಾದರೂ ಇದೆಯಾ? ನೀವಿಬ್ಬರೂ ಅಲ್ಲೇ ಇದ್ದೀರಿ. ನೋಡಿ ಹೇಳಿ. ನೀವು ಹೇಳಿದ ಹಾಗೆ ಮಾಡೋಣ."

ಈ ಬರಹದಲ್ಲಿ ನಾವು ಎಂದರೆ ಗಂಡ ಹೆಂಡತಿ ಇಬ್ಬರೂ. ಒಬ್ಬರಿಗೆ ಅಣ್ಣನಾದವನು ಇನ್ನೊಬ್ಬರಿಗೆ ಭಾವ. ಬರೆಯುವ ಅನುಕೂಲಕ್ಕೆ ಅಣ್ಣ ಎಂದೇ ಇರಲಿ. ಅವನ ಮಗಳು ದೆಹಲಿಯ ಸಂಶೋಧನಾ ಸಂಸ್ಥೆಯೊಂದರಲ್ಲಿ ಭೌತಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಲು ಬಂದು ಮೂರನೆಯ ವರ್ಷ ನಡೆಯುತ್ತಿತ್ತು. ಹಾಸ್ಟೆಲಿನಲ್ಲಿದ್ದಳು. ತಿಂಗಳಿಗೆರಡು ಭಾನುವಾರ ನಮ್ಮ ಮನೆಗೆ ಬಂದು ಸಾರು ಅನ್ನ ಉಂಡು, ಮಧ್ಯಾಹ್ನ ನಿದ್ದೆ ಮಾಡಿ ಹೋಗುತ್ತಿದ್ದಳು. ಫೆಲೋಶಿಪ್ಪಿನ ಹಣ ಒಮ್ಮೊಮ್ಮೆ ತಿಂಗಳುಗಳು ಕಳೆದು ಬರುತ್ತಿದ್ದುದು ನಮಗೆ ಗೊತ್ತಿತ್ತು. ಊರಿನಲ್ಲಿ ಎಲೆಚುಕ್ಕಿ ರೋಗ ತೋಟವನ್ನು ಹಿಡಿದು ಅಣ್ಣನ ಫಸಲು ಇಳಿದಿದ್ದೂ ಗೊತ್ತಿತ್ತು. ಮುಂಜಾಗ್ರತೆಗೆಂದು ಎಂದೋ ಬರೆದಿದ್ದ ಬ್ಯಾಂಕಿನ ಪರೀಕ್ಷೆಯಲ್ಲಿ ಅವಳು ಪಾಸಾಗಿದ್ದು ಮಾತ್ರ ಅಂದೇ ತಿಳಿದದ್ದು.

ಆ ರಾತ್ರಿ ಫೋನು ಇಟ್ಟ ಮೇಲೆ ನಾವು ಬಹಳ ಯೋಚಿಸಲಿಲ್ಲ. ಕೆಲಸಕ್ಕೆ ಸೇರಲಿ ಎಂದೇ ನಮ್ಮಿಬ್ಬರ ಬಾಯಲ್ಲೂ ಬಂದಿತು. ಆದರೆ ಮಾತು ಹೊರಬಿದ್ದ ಕೂಡಲೇ ಅದರ ಮೂಲ ನಮಗೆ ಕಾಣಿಸಿತು. ನಮ್ಮಲ್ಲೊಬ್ಬರು ಇಂಗ್ಲಿಷ್ ಎಂ.ಎ. ಮುಗಿಸಿ, ಮುಂದೆ ಓದಬೇಕೆಂದು ವಿಷಯವನ್ನೂ ಗೊತ್ತುಮಾಡಿಕೊಂಡು, ಕೇಂದ್ರ ಸರ್ಕಾರದ ನೇಮಕಾತಿ ಪತ್ರ ಕೈಗೆ ಬಂದ ವಾರವೇ ರೈಲು ಹತ್ತಿದವರು. ಇನ್ನೊಬ್ಬರು ಬಿ.ಎಡ್. ಅರ್ಧಕ್ಕೆ ಬಿಟ್ಟು ಅವರ ಹಿಂದೆ ಬಂದವರು. ಆ ನಿರ್ಧಾರಗಳಿಂದ ನಮಗೆ ಕೇಡೇನೂ ಆಗಲಿಲ್ಲ. ಆದರೆ ಅಂಥವರು ಕೊಡುವ ಸಲಹೆ ತಮ್ಮ ಬಾಳಿನ ಸಮರ್ಥನೆಯೇ ಆಗಿಬಿಡುವ ಅಪಾಯವಿದೆ. ಅದಕ್ಕಿಂತ ಮುಜುಗರದ ಸಂಗತಿಯೆಂದರೆ, ಎರಡೂವರೆ ವರ್ಷ ಅವಳಿಗೆ ಊಟ ಬಡಿಸಿದ ನಮಗೆ ಅವಳು ಏನು ಮಾಡುತ್ತಿದ್ದಾಳೆಂಬುದು ಗೊತ್ತೇ ಇರಲಿಲ್ಲ. "ಲೈಟಿನ ಮೇಲೆ ಏನೋ" ಎಂದಷ್ಟೇ ನಾವು ಬಳಗದವರಿಗೆ ಹೇಳುತ್ತಿದ್ದೆವು.

ಅವಳ ಪ್ರಬಂಧದ ಶೀರ್ಷಿಕೆ ನಮ್ಮಲ್ಲಿತ್ತು. ಅದನ್ನು ಮುಂದಿಟ್ಟುಕೊಂಡು ನಿಘಂಟು ತೆರೆದು ಕುಳಿತೆವು. ನ್ಯಾನೋ ಪ್ರಮಾಣದ ಅವಕೆಂಪು ದ್ಯುತಿರಚನೆಗಳಲ್ಲಿ ಬೆಳಕು ಮತ್ತು ದ್ರವ್ಯಗಳ ಪರಸ್ಪರ ವರ್ತನೆಯ ನಿಯಂತ್ರಣ ಎಂದಾಯಿತು. ಓದಿ ನೋಡಿದರೆ ನಮ್ಮ ಕಚೇರಿಯ ಸುತ್ತೋಲೆಯ ಅನುವಾದದಂತಿತ್ತು. ಪ್ರತಿಯೊಂದು ಪದವೂ ಸರಿ, ಒಟ್ಟಿನಲ್ಲಿ ಏನೂ ತಿಳಿಯದು. ಇದನ್ನು ಅಣ್ಣನಿಗೆ ಓದಿ ಹೇಳಿ, ಇದರಲ್ಲಿ ಹುರುಳಿದೆ ಅಥವಾ ಇಲ್ಲ ಎನ್ನುವ ಅಧಿಕಾರ ನಮಗೆಲ್ಲಿಂದ ಬಂದಿತು? ಮೊದಲು ತಿಳಿದುಕೊಳ್ಳೋಣ, ಆಮೇಲೆ ಅಭಿಪ್ರಾಯ ಎಂದು ನಿರ್ಧರಿಸಿದೆವು.

ಮುಂದಿನ ಭಾನುವಾರ ಅವಳು ಬಂದಳು. ನಮ್ಮ ಸರ್ಕಾರಿ ಕ್ವಾರ್ಟರ್ಸಿನ ಮನೆ ಮೇಲಿನ ಮಹಡಿಯಲ್ಲಿದೆ. ಚಳಿಗಾಲದಲ್ಲಿ ಇಲ್ಲಿ ಎಲ್ಲರೂ ಮಾಡುವಂತೆ ತಾರಸಿಗೆ ಚಾಪೆ ಒಯ್ದು, ಬಿಸಿಲಿಗೆ ಬೆನ್ನು ಕೊಟ್ಟು, ಕಿತ್ತಳೆ ಸುಲಿಯುತ್ತ ಕುಳಿತೆವು. ಬ್ಯಾಂಕಿನ ಮಾತು ಎತ್ತಲಿಲ್ಲ. ನಿನ್ನ ಕೆಲಸವನ್ನು ಕನ್ನಡದಲ್ಲಿ ಹೇಳು, ಅಣ್ಣನಿಗೆ ಹೇಳಬಹುದಾದಂತೆ ಹೇಳು ಎಂದೆವು. ಅವಳು ಒಂದು ನಿಮಿಷ ಸುಮ್ಮನಿದ್ದಳು. "ಇದನ್ನ ನಾನು ಯಾವತ್ತೂ ಕನ್ನಡದಲ್ಲಿ ಯೋಚನೆನೇ ಮಾಡಿಲ್ಲ ಚಿಕ್ಕಮ್ಮ" ಎಂದಳು. ಆಮೇಲೆ, "ಬೆನ್ನು ಬೆಚ್ಚಗಾಗ್ತಾ ಇದೆಯಲ್ಲ, ಅಲ್ಲಿಂದ ಶುರು ಮಾಡೋಣ" ಎಂದಳು.

1800ರಲ್ಲಿ ವಿಲಿಯಂ ಹರ್ಷೆಲ್ ಎಂಬ ಖಗೋಳಜ್ಞ ಪಟ್ಟಕದಿಂದ ಬಿಸಿಲನ್ನು ಏಳು ಬಣ್ಣವಾಗಿ ಒಡೆದು, ಪ್ರತಿ ಬಣ್ಣದಲ್ಲೂ ಉಷ್ಣಮಾಪಕ ಇಟ್ಟು ನೋಡಿದನಂತೆ. ಕೆಂಪಿನ ಆಚೆ, ಕಣ್ಣಿಗೆ ಏನೂ ಕಾಣದ ಜಾಗದಲ್ಲಿಯೂ ಪಾದರಸ ಏರಿತು. ಅಲ್ಲೊಂದು ಕಾಣದ ಬೆಳಕಿತ್ತು. ಅದೇ ಅವಕೆಂಪು. ಕೆಂಪು ಬೆಳಕಿನ ಅಲೆಯ ಉದ್ದ ಒಂದು ಮೈಕ್ರಾನಿಗಿಂತಲೂ ಕಡಿಮೆ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಅವಕೆಂಪಿನ ಅಲೆಗಳು ಅದಕ್ಕಿಂತ ಉದ್ದ. ಸೂರ್ಯ ಮಾತ್ರವಲ್ಲ, ಬಿಸಿಯಿರುವ ಪ್ರತಿಯೊಂದು ವಸ್ತುವೂ ಅದನ್ನು ಸೂಸುತ್ತಲೇ ಇರುತ್ತದೆ. ನಮ್ಮ ಮೈ ಹೆಚ್ಚಾಗಿ ಸೂಸುವುದು ಸುಮಾರು 9 ಮೈಕ್ರಾನಿನ ಆಸುಪಾಸಿನಲ್ಲಿ. ನಾವು ಮೂವರೂ ಆ ತಾರಸಿಯ ಮೇಲೆ ಬೆಳಗುತ್ತ ಕುಳಿತಿದ್ದೆವು. ನೋಡುವ ಕಣ್ಣು ನಮಗಿರಲಿಲ್ಲ, ಅಷ್ಟೆ. ಜೂನಿನಲ್ಲಿ ಇದೇ ತಾರಸಿ ಹಗಲೆಲ್ಲ ಕಾದು, ರಾತ್ರಿ ಒಂದು ಗಂಟೆಯಾದರೂ ಕೆಳಗಿನ ನಮ್ಮ ಕೋಣೆಗೆ ಬಿಸಿ ಸುರಿಯುವುದು ಇದೇ ಬೆಳಕಿನ ರೂಪದಲ್ಲಿ ಎಂದು ಕೇಳಿದಾಗ ನಮಗೆ ವಿಷಯ ಒಮ್ಮೆಲೇ ಹತ್ತಿರದ್ದಾಯಿತು.

"ಬೆಳಕು ಬೀಳತ್ತೆ, ವಸ್ತು ಸುಮ್ಮನೆ ಬಿದ್ದಿರತ್ತೆ ಅಂತ ನಾವು ಅಂದುಕೊಂಡಿರ್ತೀವಿ. ಹಾಗಲ್ಲ. ವಸ್ತು ಉತ್ತರ ಕೊಡತ್ತೆ. ಆ ಉತ್ತರ ಹೇಗಿರಬೇಕು ಅನ್ನೋದನ್ನ ನಾವು ತೀರ್ಮಾನಿಸಬಹುದಾ ಅನ್ನೋದೇ ನನ್ನ ಕೆಲಸ" ಎಂದಳು. ಶೀರ್ಷಿಕೆಯನ್ನು ಇಷ್ಟು ಸರಳವಾಗಿ ನಮ್ಮ ಯಾವ ನಿಘಂಟೂ ಹೇಳಿರಲಿಲ್ಲ.

ಹರಳುಗಳ ಉತ್ತರ ವಿಚಿತ್ರವಾದದ್ದು. ಉಪ್ಪಿನಂಥ ಹರಳಿನಲ್ಲಿ ಧನ ಆವೇಶದ ಕಣವೂ ಋಣ ಆವೇಶದ ಕಣವೂ ಪಕ್ಕಪಕ್ಕದಲ್ಲಿ ಕಟ್ಟಿಹಾಕಿದಂತಿದ್ದು, ಸದಾ ಕಂಪಿಸುತ್ತಿರುತ್ತವೆ. ಬರುವ ಅವಕೆಂಪು ಅಲೆಯ ತಾಳ ಈ ಕಂಪನದ ತಾಳಕ್ಕೆ ಹತ್ತಿರವಾದಾಗ ಹರಳು ಆ ಬೆಳಕನ್ನು ಒಳಗೆ ಬಿಡದೆ ಕನ್ನಡಿಯಂತೆ ಹಿಂದಕ್ಕೆ ಅಟ್ಟುತ್ತದೆ. ಬರ್ಲಿನ್ನಿನಲ್ಲಿ ಹೈನ್ರಿಚ್ ರೂಬೆನ್ಸ್ ಮತ್ತು ಅಮೆರಿಕದ ಅರ್ನೆಸ್ಟ್ ನಿಕೋಲ್ಸ್ 1897ರಲ್ಲಿ ಇದನ್ನೇ ಬಳಸಿ ಹಲವು ಹರಳುಗಳ ಮೇಲೆ ಬೆಳಕನ್ನು ಮತ್ತೆ ಮತ್ತೆ ಪುಟಿಸಿದರು. ಉಳಿದ ಅಲೆಗಳೆಲ್ಲ ಹೀರಿಕೊಂಡೋ ಹಾದೋ ಹೋಗಿ, ಕೊನೆಗೆ ಒಂದೇ ಬಗೆಯ ಅಲೆ ಉಳಿಯಿತು. ಜರ್ಮನ್ ಭಾಷೆಯಲ್ಲಿ ಅದನ್ನು ರೆಸ್ಟ್‌ಸ್ಟ್ರಾಲೆನ್ ಎಂದರು, ಉಳಿಕೆ ಕಿರಣಗಳು ಎಂದು. ಇವತ್ತಿಗೂ ಹರಳು ಹೀಗೆ ಬೆಳಕನ್ನು ತಡೆಯುವ ಪಟ್ಟಿಗೆ ಅದೇ ಹೆಸರು.

ಈ ಉಳಿಕೆ ಕಿರಣಗಳು ಮಾಡಿದ ಕೆಲಸ ಸಣ್ಣದಲ್ಲ. ಬಿಸಿಯಾದ ಕಪ್ಪು ಕುಹರದ ಬೆಳಕನ್ನು ರೂಬೆನ್ಸ್ ಇವುಗಳ ನೆರವಿನಿಂದ ಅಳೆದಾಗ, ಉದ್ದದ ಅಲೆಗಳಲ್ಲಿ ಆಗ ನಂಬಿದ್ದ ಸೂತ್ರ ತಪ್ಪುತ್ತಿತ್ತು. 1900ರ ಅಕ್ಟೋಬರ್ 7ರ ಭಾನುವಾರ ಅವನು ಹೆಂಡತಿಯೊಡನೆ ಮ್ಯಾಕ್ಸ್ ಪ್ಲಾಂಕರ ಮನೆಗೆ ಹೋಗಿದ್ದಾಗ ಮಾತಿನ ನಡುವೆ ಇದನ್ನು ಹೇಳಿದ. ಅತಿಥಿಗಳು ಹೋದ ಮೇಲೆ ಅದೇ ಸಂಜೆ ಪ್ಲಾಂಕರು ಹೊಸ ಸೂತ್ರ ಬರೆದರು. ಕ್ವಾಂಟಮ್ ಯುಗ ಆರಂಭವಾದದ್ದು ಹಾಗೆ. ಅಂದು ರೂಬೆನ್ಸನನ್ನು ಯಾರಾದರೂ ಹರಳಿನಲ್ಲಿ ಬೆಳಕು ಪುಟಿಸಿ ಏನು ಉಪಯೋಗ ಎಂದು ಕೇಳಿದ್ದರೆ ಅವನು ಈ ಉತ್ತರ ಕೊಡಲಾಗುತ್ತಿರಲಿಲ್ಲ.

ಕನ್ನಡ ನಾಡಿಗೂ ಈ ಕಥೆಗೂ ಒಂದು ಎಳೆಯ ನಂಟಿದೆ. ಸರ್ ಸಿ. ವಿ. ರಾಮನ್ನರ ಆಹ್ವಾನದ ಮೇಲೆ ಮ್ಯಾಕ್ಸ್ ಬಾರ್ನ್ 1935ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಕೆಲವು ತಿಂಗಳು ಇದ್ದರು. ಮುಂದೆ ಅದೇ ಇಬ್ಬರು ಹರಳಿನ ಕಂಪನಗಳ ಸ್ವರೂಪದ ಬಗ್ಗೆ ವರ್ಷಗಟ್ಟಲೆ ವಾದ ಮಾಡಿದರು. ಆ ವಾದದಲ್ಲಿ ವಿಜ್ಞಾನಲೋಕ ಒಪ್ಪಿದ್ದು ಬಾರ್ನರ ಪಕ್ಷವನ್ನು. ಅವರೊಡನೆ ಕೆಲಸ ಮಾಡಿದ ಚೀನಾದ ಹುವಾಂಗ್ ಕುನ್ 1951ರಲ್ಲಿ ಬೆಳಕಿನ ಅಲೆಯನ್ನೂ ಹರಳಿನ ಕಂಪನವನ್ನೂ ಬೇರೆ ಬೇರೆಯಾಗಿ ಎಣಿಸದೆ ಒಂದೇ ಲೆಕ್ಕದಲ್ಲಿ ಬರೆದರು. ಹೀಗೆ ಕೂಡಿಕೊಂಡ ಅಲೆಗೆ 1958ರಲ್ಲಿ ಜಾನ್ ಹಾಪ್‌ಫೀಲ್ಡ್ ಬಳಸಿದ ಹೆಸರು ಈಗ ಎಲ್ಲೆಡೆ ರೂಢಿಯಲ್ಲಿದೆ: ಪೋಲಾರಿಟಾನ್.

ನಮಗೆ ಪೋಲಾರಿಟಾನ್ ಅರ್ಥವಾಗಲಿಲ್ಲ. ಆಗ ಅವಳು ಶಾಲೆಯ ಆಟೋಟದ ದಿನವನ್ನು ನೆನಪಿಸಿದಳು. ಇಬ್ಬರ ಒಂದೊಂದು ಕಾಲನ್ನು ಸೇರಿಸಿ ಕಟ್ಟಿ ಓಡಿಸುವ ಮೂರು ಕಾಲಿನ ಓಟವಿತ್ತಲ್ಲ, ಅದರಲ್ಲಿ ಎಂಥ ಓಟಗಾರನ ಹೆಜ್ಜೆಯೂ ಚಿಕ್ಕದಾಗುತ್ತದೆ, ವೇಗವೂ ಇಳಿಯುತ್ತದೆ. ಬೆಳಕು ಹರಳಿನ ಕಂಪನದೊಡನೆ ಕಾಲು ಕಟ್ಟಿಕೊಂಡಾಗಲೂ ಹಾಗೆಯೇ. ಹೊರಗೆ ಏಳು ಮೈಕ್ರಾನು ಉದ್ದದ ಹೆಜ್ಜೆಯಿಡುತ್ತಿದ್ದ ಅಲೆ, ತೆಳುವಾದ ಹರಳಿನ ಒಳಗೆ ಅದರ ಹತ್ತಾರು ಪಾಲಿನಲ್ಲೊಂದು ಪಾಲಿನಷ್ಟು ಕಿರಿದಾದ ಹೆಜ್ಜೆಯಲ್ಲಿ ನಡೆಯುತ್ತದೆ.

ಹೆಜ್ಜೆ ಕಿರಿದಾಗುವುದು ಏಕೆ ಮುಖ್ಯವೆಂದರೆ, ಅವಕೆಂಪಿನ ತೊಡಕೇ ಅದರ ಉದ್ದ. ಒಂದು ಅಣುವಿನ ಗಾತ್ರ ನ್ಯಾನೋಮೀಟರಿನ ಲೆಕ್ಕದ್ದು, ಅಂದರೆ ಮೈಕ್ರಾನಿನ ಸಾವಿರದಲ್ಲೊಂದು ಭಾಗ. ಪ್ರತಿಯೊಂದು ಬಗೆಯ ಅಣುವಿಗೂ ತನ್ನದೇ ಕಂಪನವಿದ್ದು, ಅವಕೆಂಪು ಬೆಳಕಿನಲ್ಲಿ ಅದು ಬೆರಳಚ್ಚಿನಂತೆ ಗುರುತು ಸಿಗುತ್ತದೆ. ಆದರೆ ಆನೆಯ ಹೆಜ್ಜೆಗೆ ಇರುವೆ ಎಲ್ಲಿ ತಾಗೀತು? ಅಣುಗಳು ಬಹಳ ಸಂಖ್ಯೆಯಲ್ಲಿದ್ದರೆ ಮಾತ್ರ ಬೆಳಕಿಗೆ ಅವುಗಳ ಅರಿವಾಗುತ್ತದೆ. ಹೆಜ್ಜೆಯನ್ನು ಕುಗ್ಗಿಸಿದರೆ ಕೆಲವೇ ಅಣುಗಳಿದ್ದರೂ ಅದು ಅವುಗಳನ್ನು ಕಂಡುಕೊಳ್ಳುತ್ತದೆ. 2015ರಲ್ಲಿ ಲೊಸಾನ್ ಮತ್ತು ಬಾರ್ಸಿಲೋನಾದ ಸಂಶೋಧಕರು ಗ್ರಾಫೀನಿನ ಅತಿ ಸಣ್ಣ ಪಟ್ಟಿಗಳಲ್ಲಿ ಅವಕೆಂಪನ್ನು ಹೀಗೆ ಕುಗ್ಗಿಸಿ, ಅವುಗಳ ಮೇಲೆ ಅಂಟಿದ ಪ್ರೋಟೀನಿನ ತೆಳು ಪದರವನ್ನು ಗುರುತಿಸಿ ತೋರಿಸಿದರು.

ನಮ್ಮ ಕೂಸು ಬಳಸುವುದು ಗ್ರಾಫೀನನ್ನಲ್ಲ, ಬೋರಾನ್ ನೈಟ್ರೈಡ್ ಎಂಬ ಬಿಳಿಯ ಹರಳನ್ನು. ಈ ಹರಳಿನ ಅತಿ ಶುದ್ಧ ಮಾದರಿಗಳನ್ನು ಜಪಾನಿನ ತ್ಸುಕುಬಾದಲ್ಲಿ ತಕಾಶಿ ತನಿಗುಚಿ, ಕೆಂಜಿ ವತನಾಬೆ ಎಂಬ ಇಬ್ಬರು ಬೆಳೆಸಿ, ಲೋಕದ ನೂರಾರು ಪ್ರಯೋಗಾಲಯಗಳಿಗೆ ಕೊಡುತ್ತ ಬಂದಿದ್ದಾರಂತೆ. ಬೋರಾನ್ ನೈಟ್ರೈಡ್ ಪುಸ್ತಕದ ಹಾಳೆಗಳಂತೆ ಪದರಪದರವಾಗಿರುತ್ತದೆ. ಅವಳು ಅದರ ಮೇಲೆ ಅಂಟುಪಟ್ಟಿ ಒತ್ತಿ ಕೀಳುತ್ತಾಳೆ, ಪದರಗಳು ಏಳುತ್ತವೆ. ಮತ್ತೆ ಅಂಟಿಸಿ ಕೀಳುತ್ತಾಳೆ. ಕೊನೆಗೆ ಉಳಿಯುವ ತೆಳು ಚೂರನ್ನು ಸಿಲಿಕಾನಿನ ಬಿಲ್ಲೆಯ ಮೇಲೆ ಇಳಿಸಿ ಸೂಕ್ಷ್ಮದರ್ಶಕದಲ್ಲಿ ಹುಡುಕುತ್ತಾಳೆ. ಒಂದು ಒಳ್ಳೆಯ ಚೂರಿಗಾಗಿ ಮೂರು ದಿನ ಕಳೆದದ್ದುಂಟು. ಲೋಕದ ಅತಿ ನಾಜೂಕಿನ ವಿಜ್ಞಾನವೊಂದು ಸ್ಟೇಷನರಿ ಅಂಗಡಿಯ ಅಂಟುಪಟ್ಟಿಯಂಥ ಸಾಧನದಿಂದ ಆರಂಭವಾಗುವುದನ್ನು ಕೇಳಿ ನಾವು ನಕ್ಕೆವು. ಅವಳು ನಗಲಿಲ್ಲ. ಗ್ರಾಫೀನನ್ನು 2004ರಲ್ಲಿ ಬೇರ್ಪಡಿಸಿದ್ದೂ ಹೀಗೆಯೇ, ಅದಕ್ಕೆ 2010ರಲ್ಲಿ ನೊಬೆಲ್ ಬಂದಿತು ಎಂದಳು.

ಬೋರಾನ್ ನೈಟ್ರೈಡಿನಲ್ಲಿ ಬೆಳಕನ್ನು ತಡೆಯುವ ಪಟ್ಟಿಗಳು ಎರಡಿವೆ: ಒಂದು ಸುಮಾರು 6ರಿಂದ 7 ಮೈಕ್ರಾನಿನ ನಡುವೆ, ಇನ್ನೊಂದು 12ರಿಂದ 13ರ ನಡುವೆ. ಈ ಪಟ್ಟಿಗಳಲ್ಲಿ ಅದು ಒಂದು ದಿಕ್ಕಿನಲ್ಲಿ ಲೋಹದಂತೆಯೂ ಇನ್ನೊಂದು ದಿಕ್ಕಿನಲ್ಲಿ ಗಾಜಿನಂತೆಯೂ ವರ್ತಿಸುತ್ತದೆ. ಹೀಗಾಗಿ ಪೋಲಾರಿಟಾನ್ ಮೇಲ್ಮೈಗೆ ಅಂಟಿಕೊಳ್ಳದೆ ಚೂರಿನ ಒಳಗೇ ಸೆರೆಯಾಗಿ ಸುಳಿದಾಡುತ್ತದೆ. ಚೂರು ತೆಳುವಾದಷ್ಟೂ ಅಲೆ ಕಿರಿದಾಗುತ್ತದೆ. ಕೆಳಗಿನ ನೆಲ ಬದಲಾದರೆ, ಅಂಚನ್ನು ಬೇರೆ ಆಕಾರದಲ್ಲಿ ಕೊರೆದರೆ, ಅಲೆಯ ನಡೆಯೂ ಬದಲಾಗುತ್ತದೆ. ನಿಯಂತ್ರಣ ಎಂದು ಶೀರ್ಷಿಕೆಯಲ್ಲಿರುವುದು ಇದನ್ನೇ. ಇಷ್ಟು ಸಣ್ಣ ಅಲೆಯನ್ನು ಯಾವ ಮಸೂರವೂ ತೋರಿಸಲಾರದು. ತುದಿ ಕೆಲವೇ ಹತ್ತು ನ್ಯಾನೋಮೀಟರಿನಷ್ಟು ಚೂಪಾದ ಲೋಹದ ಸೂಜಿಯೊಂದನ್ನು ಚೂರಿನ ಮೇಲೆ ಸಾಲುಸಾಲಾಗಿ ಆಡಿಸಿ, ಸೂಜಿಯ ಮೇಲೆ ಲೇಸರ್ ಬಿಟ್ಟು, ಚದುರಿದ ಬೆಳಕನ್ನು ಬಿಂದುಬಿಂದುವಾಗಿ ದಾಖಲಿಸಬೇಕು. ಕೊನೆಗೆ ಪರದೆಯ ಮೇಲೆ ಚೂರಿನ ಅಂಚಿಗೆ ಸಮಾನಾಂತರವಾಗಿ ಪಟ್ಟೆಗಳು ಮೂಡುತ್ತವೆ, ಕೆರೆಯ ಅಲೆ ದಡಕ್ಕೆ ಬಡಿದು ಮರಳುವಾಗ ಕಾಣುವಂತೆ. ಅವಳು ಫೋನಿನಲ್ಲಿ ಆ ಚಿತ್ರವನ್ನು ತೋರಿಸಿದಳು. ಬಿಸಿಯನ್ನು ನಾವು ಅಲೆಯಾಗಿ ಕಂಡದ್ದು ಅದೇ ಮೊದಲು.

ನಷ್ಟವೇ ಇಲ್ಲಿನ ದೊಡ್ಡ ಶತ್ರು ಎಂದಳು. ಹರಳಿನೊಡನೆ ಕಾಲು ಕಟ್ಟಿಕೊಂಡ ಬೆಳಕು ಬಹಳ ದೂರ ನಡೆಯಲಾರದು. ಬೇಗನೆ ಕರಗಿ ಹರಳಿನ ಬಿಸಿಯಾಗಿಬಿಡುತ್ತದೆ. ನಿಸರ್ಗದ ಬೋರಾನಿನಲ್ಲಿ ಐದರಲ್ಲಿ ಒಂದು ಪರಮಾಣುವಿನ ತೂಕ 10, ಉಳಿದ ನಾಲ್ಕರ ತೂಕ 11. ಈ ಮಿಶ್ರಣ ಕಂಪನದ ಲಯವನ್ನು ಕೆಡಿಸುತ್ತದೆ. ಒಂದೇ ತೂಕದ ಬೋರಾನಿನಿಂದ ಬೆಳೆಸಿದ ಹರಳಿನಲ್ಲಿ ಪೋಲಾರಿಟಾನ್ ಸುಮಾರು ಮೂರು ಪಟ್ಟು ಹೆಚ್ಚು ಕಾಲ ಬಾಳುತ್ತದೆ ಎಂದು 2018ರಲ್ಲಿ ತೋರಿಸಿದ್ದಾರೆ. ನಮಗೆ ನೊಗದ ಎತ್ತುಗಳ ನೆನಪಾಯಿತು. ಒಂದು ಗಿಡ್ಡ ಒಂದು ಎತ್ತರವಾದರೆ ಗಾಡಿ ಹೇಗೆ ಸಾಗೀತು?

ಊಟದ ಹೊತ್ತು ಮೀರಿತ್ತು. ಎಲ್ಲವೂ ಸರಿ, ಇದರ ಮೂಲದಲ್ಲಿರುವ ಒಂದು ವಿಚಾರವನ್ನು ಹೇಳು, ನಿನ್ನನ್ನು ಇದಕ್ಕೆ ಎಳೆದದ್ದು ಯಾವುದು ಎಂದೆವು. ಅವಳು ಎಡ್ವರ್ಡ್ ಪರ್ಸೆಲ್ ಎಂಬ ವಿಜ್ಞಾನಿಯ 1946ರ ಪುಟ್ಟ ಟಿಪ್ಪಣಿಯ ವಿಷಯ ಹೇಳಿದಳು. ಒಂದು ಪುಟವನ್ನೂ ತುಂಬದ ಟಿಪ್ಪಣಿ ಅದು. ಉದ್ರೇಕಗೊಂಡ ಕಣವೊಂದು ತನ್ನ ಶಕ್ತಿಯನ್ನು ಎಷ್ಟು ಬೇಗ ಬೆಳಕಾಗಿ ಬಿಡುತ್ತದೆ ಎಂಬುದು ಅದರ ಹುಟ್ಟುಗುಣ ಎಂದೇ ತಿಳಿದಿದ್ದರು. ಪರ್ಸೆಲ್ ಹಾಗಲ್ಲ, ಅದು ಸುತ್ತಲಿನ ಜಾಗದ ಗುಣವೂ ಹೌದು ಎಂದ. ಅವನ ಉದಾಹರಣೆ ರೇಡಿಯೋ ಅಲೆಯದು. ಪರಮಾಣುವಿನ ಬೀಜ ತಾನಾಗಿ ಆ ಅಲೆಯನ್ನು ಸೂಸಿ ಶಾಂತವಾಗಬೇಕಾದರೆ ಅವನ ಲೆಕ್ಕದಲ್ಲಿ ತಗಲುವ ಕಾಲ ವಿಶ್ವದ ವಯಸ್ಸಿನ ಹತ್ತು ಸಾವಿರ ಪಟ್ಟು. ಅದೇ ಬೀಜಗಳ ನಡುವೆ ಲೋಹದ ಸಣ್ಣ ಕಣಗಳನ್ನು ಬೆರೆಸಿದರೆ ಕೆಲವೇ ನಿಮಿಷ. ಬೀಜ ಬದಲಾಗಲಿಲ್ಲ, ನೆರೆ ಬದಲಾಯಿತು. ಇಂದು ನ್ಯಾನೋ ರಚನೆಗಳಲ್ಲಿ ಮಾಡುವುದೂ ಅದನ್ನೇ: ಕಣಕ್ಕೆ ಬೇಕಾದ ಮನೆ ಕಟ್ಟಿಕೊಡುವುದು.

ನಾವಿಬ್ಬರೂ ಮಾತಾಡಲಿಲ್ಲ. ಅವಳೂ ಇದನ್ನು ತನ್ನ ವಿಷಯಕ್ಕೆ ಹೇಳಿದವಳಲ್ಲ. ಆದರೆ ಅಣ್ಣನ ಪ್ರಶ್ನೆಯನ್ನು ನಾವು ಅವಳೊಬ್ಬಳ ಯೋಗ್ಯತೆಯ ಪ್ರಶ್ನೆಯೆಂದು ತಿಳಿದಿದ್ದೆವು. ಅದರಲ್ಲಿ ನಮ್ಮ ಪಾಲೂ ಇತ್ತೆಂಬುದು ಆ ಕ್ಷಣ ಹೊಳೆಯಿತು.

ಕೊನೆಗೆ ಕೇಳಲೇಬೇಕಾದದ್ದನ್ನು ಕೇಳಿದೆವು. ಇದರಿಂದ ಉಪಯೋಗವೇನು? ಅವಳು ಬಣ್ಣ ಹಚ್ಚಲಿಲ್ಲ. "ನಾನು ಮಾಡ್ತಾ ಇರೋದರಿಂದ ನಾಳೆ ಏನೂ ಬರಲ್ಲ ಚಿಕ್ಕಪ್ಪ. ಅನಿಲ ಪತ್ತೆ ಮಾಡೋ ಸಣ್ಣ ಸಾಧನ, ರೋಗದ ಅಣು ಗುರುತಿಸೋದು, ಇವೆಲ್ಲ ಯಾರಾದರೂ ಮಾಡ್ತಾರೆ. ಅದು ನಾನೇ ಆಗಿರ್ತೀನಿ ಅಂತ ಹೇಳಲ್ಲ" ಎಂದಳು. ಆಮೇಲೆ ತಾರಸಿಯನ್ನು ಬೆರಳಿನಿಂದ ತಟ್ಟಿ ಇನ್ನೊಂದು ಉದಾಹರಣೆ ಕೊಟ್ಟಳು. 8ರಿಂದ 13 ಮೈಕ್ರಾನಿನ ನಡುವಿನ ಅವಕೆಂಪನ್ನು ನಮ್ಮ ವಾತಾವರಣ ಬಹುಮಟ್ಟಿಗೆ ತಡೆಯದೆ ಬಾಹ್ಯಾಕಾಶಕ್ಕೆ ಬಿಟ್ಟುಬಿಡುತ್ತದೆ. ಅದೊಂದು ಕಿಟಕಿ. 2014ರಲ್ಲಿ ಸ್ಟ್ಯಾನ್‌ಫರ್ಡಿನ ಆಸ್ವತ್ ರಾಮನ್, ಶಾನ್‌ಹುಯಿ ಫಾನ್ ಮತ್ತು ಸಂಗಡಿಗರು ಬೆಳ್ಳಿಯ ಮೇಲೆ ಹಾಫ್ನಿಯಂ ಆಕ್ಸೈಡ್ ಮತ್ತು ಸಿಲಿಕಾದ ಏಳು ತೆಳು ಪದರ ಹೊದಿಸಿ ಒಂದು ಫಲಕ ಮಾಡಿದರು. ಅದು ಬಿಸಿಲಿನ ಶೇಕಡಾ 97 ಭಾಗವನ್ನು ಹಿಂದಕ್ಕೆ ಅಟ್ಟಿ, ತನ್ನ ಬಿಸಿಯನ್ನು ಆ ಕಿಟಕಿಯ ಮೂಲಕ ಆಕಾಶಕ್ಕೆ ಸೂಸಿತು. ನೇರ ಬಿಸಿಲಿನಲ್ಲಿ, ವಿದ್ಯುತ್ತಿಲ್ಲದೆ, ಸುತ್ತಲಿನ ಗಾಳಿಗಿಂತ 4.9 ಡಿಗ್ರಿ ಸೆಲ್ಸಿಯಸ್ ತಂಪಾಗಿತ್ತು. ಜೂನಿನ ರಾತ್ರಿಗಳನ್ನು ನೆನೆದು ನಾವು ತಾರಸಿಯನ್ನು ಬೇರೆಯೇ ಕಣ್ಣಿನಿಂದ ನೋಡಿದೆವು.

ಎರಡು ದಿನ ಬಿಟ್ಟು ಅಣ್ಣನಿಗೆ ಫೋನು ಮಾಡಿದೆವು. ಅಭಿಪ್ರಾಯ ಹೇಳಲಿಲ್ಲ, ತಿಳಿದದ್ದನ್ನು ಹೇಳಿದೆವು. ಹರ್ಷೆಲ್, ಉಳಿಕೆ ಕಿರಣ, ಮೂರು ಕಾಲಿನ ಓಟ ಎಲ್ಲವನ್ನೂ ತಡವರಿಸುತ್ತ ಒಪ್ಪಿಸಿದೆವು. ಅವನು ಹೂಂ ಎನ್ನುತ್ತಿದ್ದ. ಆಕಾಶದ ಕಿಟಕಿಯ ಮಾತು ಬಂದಾಗ ಮಾತ್ರ ತಡೆದ. "ಅಂದರೆ ಇಬ್ಬನಿಯ ಲೆಕ್ಕ ಅನ್ನು" ಎಂದ.

ನಮಗೆ ತಿಳಿಯಲಿಲ್ಲ. ಅವನೇ ಬಿಡಿಸಿದ. ಮೋಡವಿದ್ದ ರಾತ್ರಿ ಇಬ್ಬನಿ ಇಲ್ಲ. ಆಕಾಶ ತಿಳಿಯಾಗಿದ್ದ ರಾತ್ರಿ ಅಂಗಳದ ಅಡಿಕೆಯೆಲ್ಲ ಒದ್ದೆ. ಮರದ ಕೆಳಗೆ ಇಬ್ಬನಿ ಇಲ್ಲ, ಬಯಲಿನಲ್ಲಿ ಇದೆ. ಹಿಂದೆ ಅಪ್ಪಯ್ಯ ಸೋಗೆ ಮುಚ್ಚಿಸುತ್ತಿದ್ದಾಗ ಅಡಿಕೆ ಒಣಗಿಯೇ ಇರುತ್ತಿತ್ತು. ಈಗ ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿದರೂ ಬೆಳಗ್ಗೆ ಒಳಗೆ ತೇವ. "ಇಬ್ಬನಿ ಮೇಲಿಂದ ಬೀಳೋದಾದರೆ ಪ್ಲಾಸ್ಟಿಕ್ಕಿನ ಒಳಗೆ ಹೇಗೆ ಬರತ್ತೆ? ಮೂವತ್ತು ವರ್ಷದಿಂದ ಕೇಳಿಕೊಂಡಿದ್ದೆ. ಅಡಿಕೆ ತನ್ನ ಬಿಸಿನ ಆಕಾಶಕ್ಕೆ ಕಳಿಸಿ ತಣ್ಣಗಾಗತ್ತೆ, ಹೌದಾ?"

ಹೌದು ಎಂದೆವು. ನಮ್ಮಲ್ಲಿ ಇಂಗ್ಲಿಷ್ ಓದಿದವರು ಆ ವಾರ ಹುಡುಕಿ ಓದಿದ್ದ ಒಂದು ಸಂಗತಿ ನೆನಪಾಯಿತು. ವಿಲಿಯಂ ವೆಲ್ಸ್ ಎಂಬ ಲಂಡನ್ನಿನ ವೈದ್ಯ 1814ರಲ್ಲಿ ಇಬ್ಬನಿಯ ಮೇಲೊಂದು ಪುಸ್ತಕ ಪ್ರಕಟಿಸಿದ. ಅವನು ಹುಲ್ಲಿನ ಮೇಲೆ ನಾಲ್ಕು ಕಡ್ಡಿ ನೆಟ್ಟು, ಅವುಗಳ ತುದಿಗೆ ತೆಳುವಾದ ಕರವಸ್ತ್ರವೊಂದನ್ನು ಬಿಗಿದು ಕಟ್ಟಿ, ತಿಳಿಯಾದ ರಾತ್ರಿಗಳಲ್ಲಿ ಉಷ್ಣಮಾಪಕ ಇಟ್ಟು ನೋಡಿದ್ದ. ಬಟ್ಟೆಯ ಕೆಳಗಿನ ಹುಲ್ಲು ಬಯಲಿನ ಹುಲ್ಲಿಗಿಂತ ಬೆಚ್ಚಗಿತ್ತು. ಅಷ್ಟು ತೆಳು ಬಟ್ಟೆಯೂ ಹುಲ್ಲಿಗೂ ಆಕಾಶಕ್ಕೂ ನಡುವಿನ ಕಾಣದ ಬೆಳಕಿನ ವ್ಯವಹಾರವನ್ನು ತಡೆದಿತ್ತು. ಅದನ್ನು ಹೇಳಿದಾಗ ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಎಲ್ಲ ಹೇಳಿದಿರಿ. ಕೆಲಸಕ್ಕೆ ಸೇರಬೇಕಾ ಬೇಡವಾ ಅದು ಹೇಳಲಿಲ್ಲ" ಎಂದ. ಅದನ್ನು ಅವಳನ್ನೇ ಕೇಳು, ಪ್ಲಾಸ್ಟಿಕ್ಕಿನ ಪ್ರಶ್ನೆಯನ್ನೂ ಅವಳನ್ನೇ ಕೇಳು ಎಂದೆವು.

ಆ ರಾತ್ರಿ ಅಪ್ಪ ಮಗಳು ಎಷ್ಟು ಹೊತ್ತು ಮಾತಾಡಿದರೋ ನಮಗೆ ತಿಳಿಯದು. ಒಂದು ಗಂಟೆಯ ಮೇಲೆ ಅವಳ ಫೋನು ಸಿಗಲಿಲ್ಲ ಎಂಬುದಷ್ಟೇ ಗೊತ್ತು. ಜನವರಿ ಕಳೆಯಿತು. ಅವಳು ಬ್ಯಾಂಕಿಗೆ ಸೇರಲಿಲ್ಲ. ಇದು ಸರಿಯಾದ ನಿರ್ಧಾರವೋ ಅಲ್ಲವೋ ನಾವು ಹೇಳಲಾರೆವು. ತೋಟದ ರೋಗ ಇಳಿದಿಲ್ಲ, ಫೆಲೋಶಿಪ್ಪು ಈಗಲೂ ತಡವಾಗಿಯೇ ಬರುತ್ತದೆ. ಅತ್ತಿಗೆಗೆ ನಮ್ಮ ಮೇಲೆ ಸಣ್ಣ ಮುನಿಸಿದೆ. ಅದರಲ್ಲಿ ಅವರ ತಪ್ಪೂ ಇಲ್ಲ. ಕೈಗೆ ಬಂದ ಸಂಬಳವನ್ನು ಬಿಡುವುದೆಂದರೆ ಏನೆಂಬುದು ನಮಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಫೆಬ್ರವರಿಯಲ್ಲಿ ಒಂದು ಮುಂಜಾನೆ ಮನೆಮಂದಿಯ ವಾಟ್ಸಾಪ್ ಗುಂಪಿನಲ್ಲಿ ಅಣ್ಣನ ಚಿತ್ರವೊಂದು ಬಂದಿತು. ಅಂಗಳದಾಚೆಯ ಹುಲ್ಲಿನ ಮೇಲೆ ಅಡಿಕೆ ದಬ್ಬೆಯ ನಾಲ್ಕು ಗೂಟ, ಅದಕ್ಕೆ ಬಿಗಿದ ಅವನ ಹಳೆಯ ಪಂಚೆ. ಪಕ್ಕದಲ್ಲಿ ಇನ್ನೂ ನಾಲ್ಕು ಗೂಟ, ಅದರ ಮೇಲೆ ತೆಳು ಪ್ಲಾಸ್ಟಿಕ್. ಕೆಳಗೆ ಬರೆದಿದ್ದ: "ಪಂಚೆ ಕೆಳಗೆ ಒಣ. ಪ್ಲಾಸ್ಟಿಕ್ ಕೆಳಗೆ ಒದ್ದೆ. ನಾಲ್ಕು ರಾತ್ರಿ ನೋಡಿದೆ." ಹತ್ತು ನಿಮಿಷದಲ್ಲಿ ಅವಳ ಉತ್ತರ ಬಂದಿತು: "ತೆಳು ಪ್ಲಾಸ್ಟಿಕ್ ಆ ಬೆಳಕನ್ನ ತಡೆಯಲ್ಲ ಅಪ್ಪಯ್ಯ. ಆದರೆ ನೆಲದ ತೇವನೂ ಒಳಗೇ ಸಿಕ್ಕಿಹಾಕಿಕೊಂಡಿರಬಹುದು. ಕೆಳಗೆ ಹಲಗೆ ಇಟ್ಟು ನೋಡು. ಮೋಡ ಇದ್ದ ರಾತ್ರಿ ನೋಡಿದ್ಯಾ?"

ಇನ್ನೂ ಮೋಡ ಬಂದಿಲ್ಲ, ಕಾಯ್ತಾ ಇದ್ದೇನೆ ಎಂದು ಅವನು ಬರೆದ.